ಗಡಿಬಿಡಿ ಅಕ್ಕನಿಗೆ ಸಿಕ್ಕಿದ ರಜೆ

ಬೆಳಕು ಹರಿದಿದೆ, ಗಡಿಯಾರ ಮಾತ್ರ ಇನ್ನೂ ನಾಲ್ಕು ಎನ್ನುತ್ತಿದೆ. ಈ ಪರದೇಶದಲ್ಲಿ ಸೂರ್ಯನಿಗೂ ಗಡಿಯಾರಕ್ಕೂ ಮಾತುಕತೆ ಬಿಟ್ಟುಹೋದಂತಿದೆ. ಯಾರನ್ನು ನಂಬಬೇಕೋ ತಿಳಿಯದೆ ಅಕ್ಕ ಎದ್ದೇಬಿಡುತ್ತಾಳೆ. ಪಕ್ಕದ ಮಂಚದಲ್ಲಿರುವ ಅಜ್ಜಿಯ ಬೆನ್ನಿಗೊಂದು ಕೈ, ತೊಡೆಗೊಂದು ಕೈ ಕೊಟ್ಟು, ತನ್ನ ಮೊಣಕಾಲನ್ನು ಮಂಚಕ್ಕೆ ಆನಿಸಿ ಮೆಲ್ಲಗೆ ಹೊರಳಿಸುತ್ತಾಳೆ. ಎಲ್ಲಾದರೂ ಒತ್ತಿ ಕೆಂಪಾಗಿದೆಯೇ ಎಂದು ಸವರಿ ನೋಡುತ್ತಾಳೆ.

"ಏನೇ ಗಡಿಬಿಡಿ, ರಾತ್ರೀನೇ ಮುಗಿದಿಲ್ಲ, ಆಗ್ಲೇ ಶುರು ಮಾಡಿದ್ಯಾ?"

"ಬೆಳಕಾಗಿದೆ ಅಮ್ಮಾ."

"ಇಲ್ಲಿಯ ಬೆಳಕಿಗೂ ನಿನ್ನ ಹಾಗೇ ನಿದ್ದೆ ಬರಲ್ಲ."

ಗಡಿಬಿಡಿ ಅನ್ನುವುದು ಅಜ್ಜಿ ಇಟ್ಟ ಹೆಸರು. ಮನೆಯ ಉಳಿದವರಿಗೆಲ್ಲ ಅವಳು ಅಕ್ಕ. ಗಂಡ ತೀರಿಕೊಂಡಾಗ ಮಗಳಿನ್ನೂ ಅಂಬೆಗಾಲಿಡುತ್ತಿದ್ದಳು. ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿ, ರೋಗಿಗಳನ್ನು ಎತ್ತುವುದು, ಇಳಿಸುವುದು, ಮೈ ಒರೆಸುವುದು ಕಲಿತಳು. ಅಜ್ಜಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋದಾಗ, ಒಳ್ಳೆಯ ನರ್ಸ್ ಸಿಗುವವರೆಗೆ ಇರಿ ಎಂದು ಅಜ್ಜಿಯ ಸೊಸೆ ಕೇಳಿಕೊಂಡಳು. "ಒಂದು ವಾರದ ಮಟ್ಟಿಗೆ ಅಂತ ಬಂದೆ. ಆ ವಾರ ಇನ್ನೂ ಮುಗಿದಿಲ್ಲ" ಎಂದು ಅಕ್ಕ ನಗುತ್ತಾಳೆ.

ಆ ವಾರದೊಳಗೇ ಅವಳ ಅರ್ಧ ಆಯುಷ್ಯ ಕಳೆದಿದೆ. ನಿದ್ದೆ ಎಂದೂ ಒಂದೇ ಗುಕ್ಕಿಗೆ ದಕ್ಕಿದ್ದಿಲ್ಲ. ಅಜ್ಜಿಯನ್ನು ಎತ್ತಿ ಎತ್ತಿ ಸೊಂಟಕ್ಕೆ ಬೆಲ್ಟ್ ಬಂದಿದೆ. ಸ್ವಂತ ಮಗಳ ಮದುವೆಯ ದಿನವೂ ಊಟದ ಎಲೆ ಎತ್ತುವ ಮೊದಲೇ ಓಡಿಬಂದವಳು. ಈಗ ಅಜ್ಜಿಯ ಮಗನ ಕೆಲಸದ ಮೇಲೆ ಇಡೀ ಸಂಸಾರ ಕೆಲವು ತಿಂಗಳು ಇಲ್ಲಿಗೆ ಬಂದಿದೆ, ಅಕ್ಕನೂ ಬಂದಿದ್ದಾಳೆ. ಯಾವ ನಲ್ಲಿಯನ್ನು ಯಾವ ಕಡೆ ತಿರುಗಿಸಿದರೆ ಬಿಸಿನೀರು ಬರುತ್ತದೆ ಎಂಬುದು ಅವಳಿಗಿನ್ನೂ ಬಗೆಹರಿದಿಲ್ಲ.

ಗಂಜಿ ಕುಡಿಸಿ ಮುಗಿಯುವ ಹೊತ್ತಿಗೆ ಅಜ್ಜಿಯ ಮಗ ಬಾಗಿಲಲ್ಲಿ ನಿಲ್ಲುತ್ತಾನೆ. "ಅಕ್ಕಾ, ಇವತ್ತು ನಿಮಗೆ ರಜೆ. ಇಲ್ಲೊಂದು ದೊಡ್ಡ ಸಸ್ಯೋದ್ಯಾನ ಇದೆಯಂತೆ, ನೋಡ್ಕೊಂಡು ಬನ್ನಿ."

ಅಕ್ಕ ಗಂಜಿಯ ಬಟ್ಟಲನ್ನು ಕೆಳಗಿಡುತ್ತಾಳೆ. ನಿನ್ನೆ ನರ್ಸ್ ಸಮವಸ್ತ್ರದ ಹೆಂಗಸೊಬ್ಬಳು ಬಂದು, ಬಾಗಿಲು ಹಾಕಿಕೊಂಡು ಮಗನ ಜೊತೆ ಮಾತಾಡಿ ಹೋಗಿದ್ದಾಳೆ.

"ನನ್ನಿಂದ ಏನಾದ್ರೂ ತಪ್ಪಾಯ್ತಾ ಅಣ್ಣಾ?"

"ಛೆ ಛೆ, ಸುಮ್ನೆ ತಿರುಗಾಡಿಕೊಂಡು ಬನ್ನಿ ಅಂದೆ" ಎನ್ನುವಾಗ ಅವನ ಕಣ್ಣು ನೆಲದ ಮೇಲಿದೆ. ಅಜ್ಜಿಯಂತೂ ಇದ್ದಕ್ಕಿದ್ದಂತೆ ನಿದ್ದೆ ಹೋಗಿದ್ದಾಳೆ.

ಸೊಸೆ ಕಾರಿನಲ್ಲಿ ಕರೆತಂದು, ಡಬ್ಬಿ ಕೈಗಿತ್ತು, ಸಂಜೆ ಈ ಗೇಟಿನ ಹತ್ತಿರವೇ ಇರಬೇಕೆಂದು ಎರಡೆರಡು ಸಲ ಹೇಳಿ ಹೋಗುತ್ತಾಳೆ. ಅಕ್ಕ ಒಳಗೆ ನಡೆಯುತ್ತಾಳೆ. ಕೈಗೆ ಕೆಲಸವಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಮಧ್ಯಾಹ್ನದ ಊಟವನ್ನು ಆಗಲೇ ಉಂಡು ಮುಗಿಸುತ್ತಾಳೆ. ಗಾಜಿನ ಮನೆಯೊಳಗೆ ನಾಚಿಕೆ ಮುಳ್ಳನ್ನು ಕುಂಡದಲ್ಲಿಟ್ಟು ಸುತ್ತ ಹಗ್ಗ ಕಟ್ಟಿದ್ದಾರೆ. "ನಾವು ಕಿತ್ತು ಬಿಸಾಕೋದನ್ನ ಇವರು ಮದುಮಗಳ ಹಾಗೆ ಕೂರಿಸಿದ್ದಾರೆ!" ಎಂದು ಆಮೇಲೆ ಹೇಳುವಾಗಲೂ ಅಚ್ಚರಿಪಡುತ್ತಾಳೆ. ಹೊರಗೆ ಹುಲ್ಲಿನ ಮೇಲೆ ಯುವತಿಯೊಬ್ಬಳು ಅಂಗಾತ ಬಿದ್ದಿದ್ದಾಳೆ. ಪ್ರಜ್ಞೆ ತಪ್ಪಿರಬೇಕೆಂದು ಅಕ್ಕ ಧಾವಿಸಿ ಮೂಗಿನ ಹತ್ತಿರ ಬೆರಳು ಹಿಡಿಯುತ್ತಾಳೆ. ಯುವತಿ ಕಣ್ಣು ಬಿಟ್ಟು ಕಕ್ಕಾಬಿಕ್ಕಿಯಾಗುತ್ತಾಳೆ. ಬಿಸಿಲಿಗೆ ಸುಮ್ಮನೆ ಮಲಗಲೆಂದೇ ಜನ ಇಲ್ಲಿಗೆ ಬರುತ್ತಾರೆ ಎಂಬುದು ಅಕ್ಕನ ತಲೆಗೆ ಹೋಗುವುದೇ ಇಲ್ಲ.

ಇನ್ನೂ ಒಳಗೆ, ಬಲು ಮುದಿಯಾದ ಮರವೊಂದು ಒಂದು ಮಗ್ಗುಲಿಗೆ ವಾಲಿದೆ. ಕೊಂಬೆಗಳಿಗೆ ಕಂಬಗಳ ಆಸರೆ. ಕಂಬ ತಾಗುವಲ್ಲಿ ತೊಗಟೆ ಸವೆಯದಂತೆ ಮಾಲಿಯೊಬ್ಬ ಹಳೆಯ ಮೆತ್ತೆಗಳನ್ನು ತೆಗೆದು ಹೊಸವನ್ನು ಇಡುತ್ತಿದ್ದಾನೆ. ಅಕ್ಕನ ಕಾಲು ಅಲ್ಲೇ ನಿಲ್ಲುತ್ತದೆ. ಅವನ ಭಾಷೆ ಇವಳಿಗೆ ಬಾರದು, ಇವಳದು ಅವನಿಗೆ ತಿಳಿಯದು. ಅವನು ಕೊಂಬೆಯನ್ನು ತುಸು ಎತ್ತಿ ಹಿಡಿದಾಗ ಅಕ್ಕ ಮೆತ್ತೆಯನ್ನು ಕೆಳಗೆ ತೂರಿಸುತ್ತಾಳೆ. ಅವನು ತಲೆಯಾಡಿಸಿ ಇನ್ನೊಂದನ್ನು ಕೊಡುತ್ತಾನೆ. "ಆಗ ನನಗೆ ಸ್ವಲ್ಪ ಉಸಿರು ಬಂತು ನೋಡಿ" ಎಂದು ಅಕ್ಕ ಆ ಗಳಿಗೆಯನ್ನು ನೆನೆಯುತ್ತಾಳೆ.

ಕೆಲಸ ಮುಗಿದ ಮೇಲೆ ಮತ್ತೆ ಕೈ ಖಾಲಿ. ಸಂಜೆಯಾಯಿತೆಂದು ಹೊರಟರೆ ಗೇಟೊಂದು ಸಿಗುತ್ತದೆ, ಅಲ್ಲಿ ಸೊಸೆಯಿಲ್ಲ. ಅಂಥದ್ದೇ ಇನ್ನೊಂದು ಗೇಟು, ಅಲ್ಲಿಯೂ ಇಲ್ಲ. ಇಲ್ಲೇ ಬಿಟ್ಟುಹೋದರೇನೋ ಎಂಬ ಯೋಚನೆ ಬಂದದ್ದೇ ಅವಳು ದಾರಿಯಂಚಿನಲ್ಲಿ ಕೂತುಬಿಡುತ್ತಾಳೆ. ಕೊನೆಗೆ ಅದೇ ಮಾಲಿ ಗೊಬ್ಬರದ ಗಾಡಿಯಲ್ಲಿ ಕೂರಿಸಿಕೊಂಡು ಒಂದೊಂದೇ ಗೇಟು ತೋರಿಸುತ್ತಾ ಬರುತ್ತಾನೆ. ಒಂದು ಗೇಟಿನ ಬಳಿ ಸೊಸೆ ಗಾಬರಿಯಿಂದ ಅತ್ತಿತ್ತ ಓಡಾಡುತ್ತಿದ್ದಾಳೆ.

ಮನೆಯಲ್ಲಿ ಅಜ್ಜಿಯ ಜಡೆ ಸೊಟ್ಟಗಿದೆ. ಮಗನ ಅಂಗಿ ಬೆವರಿನಿಂದ ಒದ್ದೆ. ಸಮವಸ್ತ್ರದ ಹೆಂಗಸು ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದಾಳೆ. ಅಕ್ಕ ತಡೆಯಲಾರದೆ ಕೇಳಿಬಿಡುತ್ತಾಳೆ: "ನನ್ನ ಬಟ್ಟೆಬರೆ ಕಟ್ಟಿಕೊಳ್ಳಲಾ ಅಮ್ಮಾ?"

"ಕಟ್ಟಿಕೋ" ಎನ್ನುತ್ತಾಳೆ ಅಜ್ಜಿ. "ನಿನ್ನ ಮಗಳಿಗೆ ದಿನ ತುಂಬಿದೆ. ಹೆರಿಗೆಗೆ ಬರೋಕಾಗಲ್ಲ ಅಂತ ಫೋನಲ್ಲಿ ಹೇಳ್ತಿದ್ದೆಯಲ್ಲ, ಕೇಳಿಸ್ಕೊಂಡೆ. ನನಗೆ ಬಿದ್ದುಹೋಗಿರೋದು ಕೈಕಾಲು, ಕಿವಿಯಲ್ಲ. ನನ್ನ ಹೇಗೆ ಎತ್ತಬೇಕು ಅಂತ ಈ ನರ್ಸಮ್ಮ ಇವನಿಗೆ ಇವತ್ತು ಕಲಿಸಿದ್ಲು. ಮಗು ನೋಡ್ಕೊಂಡು ಬಾ, ಹೋಗು."

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಹೊಸಿಲು ದಾಟ್ತಿದ್ಯಾ? ನೀನು ಬಾಗಿಲಲ್ಲಿ ನಿಂತಿದ್ರೆ ಇವನು ಕಲೀತಿದ್ನಾ?"

ಸಂತೋಷವೋ ಸಂಕಟವೋ ಅಕ್ಕನಿಗೆ ತಿಳಿಯುತ್ತಿಲ್ಲ. ತಾನಿಲ್ಲದೆಯೂ ಈ ಮನೆಯಲ್ಲೊಂದು ದಿನ ಕಳೆಯಿತಲ್ಲ ಎಂಬುದು ಎಲ್ಲೋ ಚುಚ್ಚುತ್ತದೆ. ಮಗ ಅಳುಕುತ್ತಲೇ ಅಮ್ಮನನ್ನು ಹೊರಳಿಸಲು ಬಗ್ಗುತ್ತಾನೆ. ಅಕ್ಕನ ಕೈ ಮುಂದೆ ಹೋಗಿ, ಅಲ್ಲೇ ತಡೆದು, ಸೆರಗಿನೊಳಗೆ ಸೇರಿಕೊಳ್ಳುತ್ತದೆ.

"ನೀವೇ ಮಾಡಿ ಅಣ್ಣಾ, ನಾನು ನೋಡ್ತಿರ್ತೀನಿ."

ಅಕ್ಕ ನಾಡಿದ್ದು ಊರಿಗೆ ಹೊರಡುತ್ತಾಳೆ. ಅಲ್ಲಿ ಹೋಗಿ ಮೊದಲು ಏನು ಮಾಡುವ ಆಸೆ ಎಂದು ಕೇಳಿದರೆ, ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಾಳೆ. "ಇಷ್ಟು ವರ್ಷ ದೊಡ್ಡವರನ್ನೇ ಎತ್ತಿದ್ದು. ಒಂದು ಸಣ್ಣದನ್ನ ಎತ್ಕೋಬೇಕು. ಎತ್ಕೊಂಡು, ಎಲ್ಲೂ ಇಳಿಸದೆ ಸುಮ್ನೆ ಕೂತ್ಕೋಬೇಕು."