ಖಾನಾಪುರದಲ್ಲಿ ಉಳಿದ ಅರ್ಧ ಸಿಗಾರು

ಅರ್ಧ ಸೇದಿದ ಸಿಗಾರನ್ನು ಎತ್ತಿಟ್ಟು ಮತ್ತೊಂದು ದಿನ ಹಚ್ಚುವವನನ್ನು ಕಂಡರೆ ಬಲ್ಲವರು ಮೂಗು ಮುರಿಯುತ್ತಾರೆ. ರುಚಿ ಕೆಡುತ್ತದೆ, ಕಹಿಯಾಗುತ್ತದೆ, ನಾತ ಹೊಡೆಯುತ್ತದೆ ಎನ್ನುತ್ತಾರೆ. ಮೂರೂ ಖರೇ. ಆದರೂ ಹೇಳಿಬಿಡುತ್ತೇನೆ, ನಾನು ಆಸೆಪಟ್ಟು ಸೇದಿದ್ದೆಲ್ಲ ಎರಡನೆಯ ಸಲ ಹಚ್ಚಿದ ಅರ್ಧ ಸಿಗಾರುಗಳನ್ನೇ. ಅದೂ ಬೆಳಗಾವಿಯಲ್ಲಲ್ಲ. ಅಲ್ಲಿ ಅನಗೋಳದ ನಮ್ಮ ಮನೆಯಲ್ಲಿ ಹೆಂಡತಿಯ ಮೂಗು ಎಷ್ಟು ಚುರುಕೆಂದರೆ, ಬೀದಿಯ ಆ ತುದಿಯಲ್ಲಿ ಯಾರಾದರೂ ಕಡ್ಡಿ ಗೀರಿದರೂ ಇಲ್ಲಿ ನನ್ನ ವಿಚಾರಣೆ ಶುರುವಾಗುತ್ತದೆ. ನಾನು ಸೇದುತ್ತಿದ್ದುದು ಖಾನಾಪುರದಲ್ಲಿ, ಬೀಗರ ಹಿತ್ತಲಲ್ಲಿ.

ಬೀಗರೆಂದರೆ ನನ್ನ ಮಗಳ ಮಾವ, ಶಿವಪುತ್ರಪ್ಪನವರು. ಹಂಚಿನ ಭಟ್ಟಿ ನಡೆಸಿದವರು. ನಾನೋ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ನಿಶ್ಚಯದ ದಿನ ಅವರ ಮನೆಯಲ್ಲಿ ಹೆಂಗಸರು ಸೀರೆಯ ಬಣ್ಣ, ಹಿರಿಯರು ಮುಹೂರ್ತ ಹಿಡಿದು ಗದ್ದಲ ಎಬ್ಬಿಸಿದ್ದರು. ನಾವಿಬ್ಬರೂ ಎದುರುಬದುರು ಕೂತು ‘ಮಳಿ ಭಾಳ ಈ ಸಲ’, ‘ಹೌದ್ರೀ, ಭಾಳ’ ಎಂದು ಮೂರು ಸಲ ಹೇಳಿಕೊಂಡು ಸುಸ್ತಾದೆವು. ಕಡೆಗೆ ಅವರು ಕಣ್ಸನ್ನೆ ಮಾಡಿ ಹಿತ್ತಲಿಗೆ ಕರೆದೊಯ್ದು, ಗೋವಾದಿಂದ ಯಾರೋ ತಂದುಕೊಟ್ಟ ಸಿಗಾರು ಒಂದು ನನ್ನ ಕೈಗಿಟ್ಟರು, ಒಂದು ತಾವು ಹಚ್ಚಿದರು. ಅರ್ಧಕ್ಕೆ ಬಂದಿರಬೇಕು, ಒಳಗಿನಿಂದ ಬೀಗಿತಿ ಗಂಗವ್ವನವರ ದನಿ ಬಂತು: “ಉಡಿ ತುಂಬೂ ಹೊತ್ತಾತು, ಗಂಡಿನಪ್ಪ ಎಲ್ಲಿ, ಹೆಣ್ಣಿನಪ್ಪ ಎಲ್ಲಿ?” ಸಾಲಿ ತಪ್ಪಿಸಿದ ಹುಡುಗರ ಹಾಗೆ ಎರಡನ್ನೂ ಒಂದು ಹಂಚಿನ ಮೇಲಿಟ್ಟು ಓಡಿದೆವು.

ಸಂಜೆ ಎಲ್ಲ ಮುಗಿದ ಮೇಲೆ ಆ ಅರ್ಧಗಳನ್ನು ಮತ್ತೆ ಹಚ್ಚಿದಾಗ ಶಿವಪುತ್ರಪ್ಪನವರು, “ಮಾಸ್ತರ, ನಿಮ್ಮ ಮಗಳು ನಮ್ಮ ಮನ್ಯಾಗ ನಗಾಕ ಅಂಜಬಾರದು ನೋಡ್ರಿ. ಅಷ್ಟ ನನ್ನ ಆಸೆ” ಎಂದರು. ನನ್ನ ಕಣ್ಣು ತುಂಬಿ ಬಂತು. ಹೊಗೆ ಹೊಕ್ಕಿತೆಂದು ಸುಳ್ಳು ಹೇಳಿದೆ.

ಸಿಗಾರನ್ನು ಮರಳಿ ಹಚ್ಚುವುದೂ ಒಂದು ವಿದ್ಯೆಯೇ. ಬೀಡಿಯ ತುಂಡನ್ನು ಕಿವಿಗೆ ಸಿಕ್ಕಿಸಿಕೊಂಡು ಅಡ್ಡಾಡುವ ನಮ್ಮ ಹಮಾಲರೇ ಇದರ ಮೂಲಪುರುಷರೆಂದು ನನ್ನ ಸಂಶೋಧನೆ. ಪದವಿ ಯಾರೂ ಕೊಟ್ಟಿಲ್ಲ. ಸಿಗಾರನ್ನು ಹೊಸಕಿ ಆರಿಸಕೂಡದು. ಸುಮ್ಮನೆ ಇಟ್ಟುಬಿಡಬೇಕು, ಎಳೆಯುವವರಿಲ್ಲ ಎಂದಾದರೆ ತಾನೇ ಆರುತ್ತದೆ. ಮರಳಿ ಹಚ್ಚುವಾಗ ಬೂದಿ ಕೊಡವಿ, ಕಡ್ಡಿಯ ಉರಿಯಲ್ಲಿ ತುದಿಯನ್ನು ಸುತ್ತಲೂ ಬೆಚ್ಚಗೆ ಮಾಡಿ, ಆಮೇಲೆ ಎಳೆಯಬೇಕು. ಅವಸರ ಮಾಡಿದರೆ ಬಾಯೆಲ್ಲ ಕಹಿ.

ಮದುವೆಯಾದ ಮೇಲೆ ಮಗಳು ಅಳಿಯ ಧಾರವಾಡದಲ್ಲಿ ಮನೆ ಮಾಡಿದರು. ಆದರೂ ತಿಂಗಳಿಗೊಮ್ಮೆ ನಾನು ಖಾನಾಪುರದ ಬಸ್ಸು ಹತ್ತುವುದು ತಪ್ಪಲಿಲ್ಲ. ಪ್ರತಿ ಸಲ ಅರ್ಧ ಸೇದುವುದು, ಅರ್ಧ ಉಳಿಸುವುದು. ಉಳಿದದ್ದನ್ನು ಅವರು ಮುಚ್ಚಳದ ಮಣ್ಣಿನ ಗಡಿಗೆಯಲ್ಲಿ ಇಡುತ್ತಿದ್ದರು. ಎಂಜಲು ಅದಲುಬದಲಾಗದಿರಲೆಂದು ಗಂಗವ್ವನವರು ನನ್ನದಕ್ಕೆ ದಾರ ಕಟ್ಟುತ್ತಿದ್ದರು. ಆ ಹಿತ್ತಲಲ್ಲಿ ನಾವು ಆಡದ ಮಾತಿಲ್ಲ. ಅವರ ಭಟ್ಟಿ ಮುಚ್ಚಿದ ದುಃಖ, ನನ್ನ ಚಿತ್ರಗಳನ್ನು ಯಾರೂ ಕೇಳದ ದುಃಖ, ಜಾಂಬೋಟಿಯ ಅಕ್ಕಿಯ ಗಂಜಿ, ಎಲ್ಲ.

ಈ ವರ್ಷ ಎದೆಯ ಡಾಕ್ಟರು ನನ್ನ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು, “ಇನ್ನ ಸಾಕು ಮಾಡ್ರಿ” ಎಂದರು. ಸಾಕು ಮಾಡಿದೆ. ಸಿಗಾರು ಬಿಟ್ಟದ್ದಕ್ಕೆ ಅಂಥ ಸಂಕಟವಾಗಲಿಲ್ಲ. ಆದರೆ ಖಾನಾಪುರ? ಸಿಗಾರಿಲ್ಲದೆ ಎದುರುಬದುರು ಕೂತರೆ ಮತ್ತೆ ‘ಮಳಿ ಭಾಳ’ಕ್ಕೇ ಬಂದು ನಿಲ್ಲುತ್ತೇವಲ್ಲ ಎಂಬ ಅಂಜಿಕೆ. ಇಷ್ಟು ವರ್ಷದ ಗೆಳೆತನ ನಮ್ಮಿಬ್ಬರದೋ, ತಂಬಾಕಿನದೋ? ಉತ್ತರ ಗೊತ್ತಾಗಿಬಿಟ್ಟರೆ ಎಂದು ಹೆದರಿ ಹೋಗುವುದನ್ನೇ ಬಿಟ್ಟೆ. ಫೋನಿನಲ್ಲಿ ಒಮ್ಮೆ ಮೊಣಕಾಲು ನೋವು ಎಂದೆ, ಒಮ್ಮೆ ನೆಂಟರು ಬಂದಿದ್ದಾರೆ ಎಂದೆ. ನಾಲ್ಕು ತಿಂಗಳಾದ ಮೇಲೆ ಅವರೇ, “ಗಡಿಗ್ಯಾಗ ನಿಮ್ಮ ಅರ್ಧ ಕಾಯಾಕತ್ತೈತ್ರಿ, ಬರ್ರಿ” ಎಂದರು. ತಡೆಯಲಾಗಲಿಲ್ಲ. ಹೋದೆ.

ಬೇಡವೆನ್ನಲು ಬಾಯಿ ಬರಲಿಲ್ಲ. ಹಚ್ಚಿದೆವು. ನಾನು ತುಟಿಗೆ ತಾಗಿಸಿದ ಹಾಗೆ ಮಾಡಿ ಕೈ ಇಳಿಸಿದೆ. ಸ್ವಲ್ಪ ಹೊತ್ತಿಗೆ ನನ್ನದು ಆರಿತು. ನೋಡಿದರೆ ಅವರದೂ ಆರಿದೆ. “ಹವಾ ಥಂಡಿ ಐತ್ರಿ” ಎಂದು ಅವರು ಮತ್ತೆ ಕಡ್ಡಿ ಗೀರಿದರು. ಮತ್ತೆ ಆರಿದವು. “ತಂಬಾಕ ಹಳೇದಾತೇನೋ” ಎಂದೆ ನಾನು. ಮತ್ತೆ ಗೀರಿದರು. ಇಬ್ಬರೂ ಸಿಗಾರನ್ನು ಬಯ್ಯುತ್ತಿದ್ದೆವು, ಒಬ್ಬರೂ ಎಳೆಯುತ್ತಿರಲಿಲ್ಲ.

ಚಹಾ ತಂದ ಗಂಗವ್ವನವರು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಕಡ್ಡಿಪೆಟ್ಟಿಗಿ ಖಾಲಿ ಮಾಡಾಕ ಕುಂತೀರೇನು ಇಬ್ರೂ? ಬೀಗರ, ಇವ್ರು ಬಿಟ್ಟು ವರ್ಷದ ಮ್ಯಾಲಾತ್ರೀ! ನೀವು ಬಂದಾಗಷ್ಟ ಕೈಯಾಗ ಹಿಡಕೊಂಡು ನಾಟಕ ಮಾಡ್ತಾರ.”

ಈಚೆಗೆ ಅವರ ಸಿಗಾರು ಬಲು ನಿಧಾನ ಸವೆಯುತ್ತಿದ್ದುದನ್ನು ನಾನೂ ಕಂಡಿದ್ದೆ. ತಾಳ್ಮೆಯ ಮನುಷ್ಯ ಎಂದುಕೊಂಡಿದ್ದೆ, ಹುಚ್ಚಪ್ಪ ನಾನು!

ಶಿವಪುತ್ರಪ್ಪನವರು ನೆಲ ನೋಡುತ್ತ, “ಬಿಟ್ಟೇನಿ ಅಂದ್ರ ನೀವು ಬರೂದ ಬಿಡ್ತೀರಿ ಅಂತ ಅಂಜಿಕಿ ಆತ್ರೀ ಮಾಸ್ತರ” ಎಂದರು.

“ನಾನೂ ಬಿಟ್ಟೇನ್ರಿ” ಎಂದೆ. “ಅದಕ್ಕ ನಾಕ ತಿಂಗಳು ಈ ಕಡೆ ಬಂದಿಲ್ಲ.”

ಅವರು ತಲೆ ಎತ್ತಿದರು. ಆಮೇಲೆ ನಾವಿಬ್ಬರೂ ನಕ್ಕ ನಗೆಗೆ ಚಹಾ ಆರಿಹೋಯಿತು; ಗಂಗವ್ವನವರು ಬಯ್ಯುತ್ತಲೇ ಅದನ್ನು ಮತ್ತೆ ಕಾಯಿಸಿ ತಂದರು. ಎಷ್ಟೋ ಮಾತಾಡಿದೆವು. ಮಳೆಯ ವಿಷಯ ಒಮ್ಮೆಯೂ ಬರಲಿಲ್ಲ.

ಹೊರಟಾಗ ಅವರು ಎರಡು ಅರ್ಧಗಳನ್ನೂ ಜೋಪಾನವಾಗಿ ಗಡಿಗೆಯಲ್ಲಿಟ್ಟು ಮುಚ್ಚಳ ಹಾಕಿದರು. “ಇನ್ನ ಯಾಕ್ರೀ ಅವು? ಒಗೀರಿ” ಎಂದೆ.

“ಒಗದ್ರ ಹೆಂಗ್ರಿ? ಅರ್ಧ ಉಳದೈತಿ ಅಂದ್ರ ಮತ್ತ ಬರಬೇಕಲ್ಲ ನೀವು.”

ಮನೆ ಮುಟ್ಟಿ ಚಪ್ಪಲಿ ಬಿಡುವುದರೊಳಗೆ ಹೆಂಡತಿಗೆ ವಾಸನೆ ಬಡಿಯಿತು. “ಮತ್ತ ಸೇದಿ ಬಂದ್ರಿ?”

“ಇಲ್ಲ” ಎಂದೆ. “ಬರೇ ಹಚ್ಚಿ ಬಂದ್ವಿ.”

ಅವಳು ನಂಬಲಿಲ್ಲ. ಮುಂದಿನ ಸಲ ತಾನೂ ಬಂದು ಕಣ್ಣಾರೆ ನೋಡುತ್ತಾಳಂತೆ.