ಬ್ರೇಕಿಗೆ ಎಣ್ಣೆ ಹಚ್ಚಿದ ಅಮಾವಾಸ್ಯೆ

ಸಾರವಾಡದ ನಮ್ಮ ಓಣಿ ದಾಟಿ ವಿಜಯಪುರ ರಸ್ತೆಗೆ ಬಂದಿದ್ದೆ ಅಷ್ಟೆ, ಮುಂದಿದ್ದ ಕಬ್ಬಿನ ಟ್ರ್ಯಾಕ್ಟರ್ ಗಕ್ಕನೆ ನಿಂತಿತು. ಎರಡೂ ಬ್ರೇಕ್ ಒತ್ತಿದೆ. ಬೈಕ್ ನಿಲ್ಲಲಿಲ್ಲ. ಬೆಳಿಗ್ಗೆ ಅಮಾವಾಸ್ಯೆ ಪೂಜೆಗೆಂದು ಬೈಕ್ ತೊಳೆದು, ಹೊಳೆಯಲಿ ಅಂತ ಎರಡೂ ಬ್ರೇಕಿನ ಡಿಸ್ಕಿಗೂ ಕೊಬ್ಬರಿ ಎಣ್ಣೆ ಒರೆಸಿದ್ದು ಆಗ ನೆನಪಾಯಿತು. ದೇವರನ್ನು ನೆನೆದು ಕಣ್ಣು ಮುಚ್ಚಿದೆ.

ಹಿಂದೆ ಕೂತಿದ್ದ ಅತ್ತೆ ಕನ್ನಡಿಯಲ್ಲಿ ನನ್ನ ಮುಖ ನೋಡಿ, ಚಹಾ ಬೇಕೇನು ಎಂದು ಕೇಳುವ ದನಿಯಲ್ಲೇ ಹೇಳಿದರು: "ದೇವ್ರು ನೋಡ್ಕೋತಾನ್ರಿ. ನೀವು ಕಣ್ಣು ತಗದು ಹೊಲದಾಗ ತಿರುಗಸ್ರಿ."

ತಿರುಗಿಸಿದೆ. ಕಡಲೆ ಹೊಲದ ಎರೆಮಣ್ಣಲ್ಲಿ ಬೈಕ್ ಹೂತು ನಿಂತಿತು. ಅತ್ತೆ ಇಳಿದು, ಸೆರಗು ಸರಿಮಾಡಿಕೊಂಡು, ಬರುತ್ತಿದ್ದ ಬಸ್ಸಿಗೆ ಕೈ ಮಾಡಿದರು.

ಈಗ ಬೈಕಿಗೆ ಕುಂಕುಮ ಮಾತ್ರ ಹಚ್ಚುತ್ತೇನೆ. ಅತ್ತೆ ಬಸ್ಸಿನಲ್ಲೇ ಓಡಾಡುತ್ತಾರೆ. ದೇವರ ಮೇಲೆ ಅವರಿಗೆ ಪೂರ್ತಿ ನಂಬಿಕೆ. ನನ್ನ ಮೇಲೆ ಇನ್ನೂ ಬಂದಿಲ್ಲ.