ಅವ್ವ ಕೇಳದೆ ಬಿಟ್ಟ ಸಮುದ್ರ

ನನ್ನ ಅಪ್ಪ ಸರಕು ಹಡಗುಗಳಲ್ಲಿ ಫಿಟ್ಟರ್ ಆಗಿದ್ದರು. ಸಮುದ್ರದ ಸುಳಿವೇ ಇಲ್ಲದ ನಮ್ಮೂರು ಆಲಮೇಲದಿಂದ ಹಡಗಿಗೆ ಹೇಗೆ ಹೋದರು ಎಂದು ಜನ ಇಂದಿಗೂ ಕೇಳುತ್ತಾರೆ. ಸೊಲ್ಲಾಪುರದಲ್ಲಿ ಐಟಿಐ ಓದಿದರು, ಸಕ್ಕರೆ ಕಾರ್ಖಾನೆಯಲ್ಲಿ ಕೆಲವು ಕಾಲ ಪಂಪು ರಿಪೇರಿ ಮಾಡಿದರು, ಆಮೇಲೆ ಗೆಳೆಯನೊಬ್ಬನ ಮಾತು ಕೇಳಿ ಮುಂಬೈಗೆ ಹೋಗಿ ಹಡಗು ಹತ್ತಿದರು. ಒಮ್ಮೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ನಾನು ಹುಟ್ಟಿದಾಗಲೂ ಹಡಗಿನಲ್ಲೇ ಇದ್ದರು. ಅವರು ನನ್ನನ್ನು ಮೊದಲು ಕಂಡಾಗ ನಾನು ಅಂಬೆಗಾಲಿಡುತ್ತಿದ್ದೆನಂತೆ.

ಅವ್ವ ಅದನ್ನು ಮರೆಯಲಿಲ್ಲ. ಜಗಳ ಮಾಡುವವಳಲ್ಲ. ಆದರೆ ಅಪ್ಪ ಸಮುದ್ರದ ಸುದ್ದಿ ತೆಗೆದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಆಮೇಲೆ ರೊಟ್ಟಿ ಬಡಿಯುವ ಸದ್ದು ಜೋರಾಗುತ್ತಿತ್ತು. ಅಪ್ಪ ಮೆಲ್ಲಗೆ ಕಬ್ಬಿನ ಮಾತಿಗೋ ಮಳೆಯ ಮಾತಿಗೋ ತಿರುಗುತ್ತಿದ್ದರು. ಕೆಲಸ ಬಿಟ್ಟು ಊರಿಗೆ ಬಂದು ನೆಲೆಸಿದ ಮೇಲೂ ಅದೇ ರೂಢಿ ಉಳಿಯಿತು. ಅಪ್ಪನ ಅರ್ಧ ಆಯುಷ್ಯ ನಮ್ಮ ಮನೆಯಲ್ಲಿ ಮಾತಿಗೇ ಬರಲಿಲ್ಲ.

ನಾನು ಸಿಂದಗಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಹೋದ ವರ್ಷ ಮುದ್ದೇಬಿಹಾಳದ ಒಂದು ಕಾಲೇಜಿನವರು ಉಪನ್ಯಾಸಕ್ಕೆ ಕರೆದರು. ವಿಷಯ ಅವರೇ ಆರಿಸಿದ್ದರು: ನಡುಗಡಲಿನ ಜೀವಿಗಳನ್ನು ಕಾಪಾಡಲು ದೇಶಗಳು ಮಾಡಿಕೊಂಡ ಹೊಸ ಒಪ್ಪಂದ. ಭಾನುವಾರ ಊರಿಗೆ ಹೋದಾಗ ಅಂಗಳದಲ್ಲಿ ಕುಳಿತು ಟಿಪ್ಪಣಿಗಳನ್ನು ಜೋರಾಗಿ ಓದಿ ನೋಡುತ್ತಿದ್ದೆ. ಅಪ್ಪ ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಮಲಗಿದ್ದರು. ಅವ್ವ ಶೇಂಗಾ ಒಡೆಯುತ್ತಿದ್ದಳು. ಅವಳು ಎದ್ದು ಹೋಗುತ್ತಾಳೆಂದೇ ನಾನು ಕಾದೆ. ಮಗಳು ಓದುತ್ತಿದ್ದಾಳೆ ಎಂದೋ ಏನೋ, ಕುಳಿತೇ ಇದ್ದಳು.

ದಡದಿಂದ ಇನ್ನೂರು ನಾಟಿಕಲ್ ಮೈಲಿಯವರೆಗಿನ ನೀರಿನಲ್ಲಿ ಮೀನು, ಎಣ್ಣೆ ಮೊದಲಾದವುಗಳ ಮೇಲೆ ಆಯಾ ದೇಶಕ್ಕೆ ಹಕ್ಕುಂಟು, ಅದರಾಚೆಯ ನೀರು ಯಾವ ದೇಶದ್ದೂ ಅಲ್ಲ ಎಂದು ಓದಿದೆ. ಅವ್ವನ ಕೈ ನಿಂತಿತು.

"ಯಾರ್ದೂ ಅಲ್ಲ ಅಂದ್ರ? ಗಾಯರಾಣ ಇದ್ದಂಗೇನು?"

ನಾನು ಹೌದೆಂದೆ. ಊರ ದನಗಳೆಲ್ಲ ಮೇಯುವ ಗಾಯರಾಣಕ್ಕೂ ಪಂಚಾಯಿತಿ ಅಂತ ಒಂದಿರುತ್ತದೆ. ನಡುಗಡಲಿನಲ್ಲಿ ಇದುವರೆಗೆ ಹಡಗಿಗೊಂದು, ಮೀನಿಗೊಂದು ನಿಯಮವಿತ್ತೇ ಹೊರತು ಅಲ್ಲಿಯ ಜೀವಜಾಲವನ್ನೆಲ್ಲ ಒಟ್ಟಾಗಿ ಕಾಯುವ ಏರ್ಪಾಡು ಇರಲಿಲ್ಲ ಎಂದೆ. ಇನ್ನು ಮುಂದೆ ಕೆಲವು ಭಾಗಗಳನ್ನು ರಕ್ಷಿತ ಪ್ರದೇಶವೆಂದು ಗುರುತಿಸಬಹುದು, ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ಅಲ್ಲಿನ ಜೀವಕ್ಕೆ ಏನಾದೀತು ಎಂದು ಪರೀಕ್ಷಿಸಬೇಕು ಎಂದೂ ಹೇಳಿದೆ.

ಅವ್ವ ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿದಳು. "ನೀವು ಅಷ್ಟು ವರ್ಷ ಇದ್ದದ್ದು ಅಲ್ಲೇನ್ರಿ? ಯಾರ್ದೂ ಅಲ್ಲದ ನೀರಿನ್ಯಾಗ?"

ಅವಳು ಸಮುದ್ರದ ಬಗ್ಗೆ ಅಪ್ಪನನ್ನು ಕೇಳಿದ್ದನ್ನು ನಾನು ಅದೇ ಮೊದಲು ಕಂಡದ್ದು. ಅಪ್ಪ ಎದ್ದು ಕುಳಿತರು.

"ಹೌದು. ಭಾಳ ದಿನ ಅಲ್ಲೇ," ಎಂದರು. ಆಮೇಲೆ ನನ್ನತ್ತ ಕೈ ತೋರಿಸಿ, "ಇಕಿ ಹುಟ್ಟಿದ ಸುದ್ದಿ ಬಂದಾಗೂ ಅಲ್ಲೇ ಇದ್ನಿ," ಎಂದರು.

ಎಂಜಿನ್ ತಣಿಸುವ ನೀರಿನ ಪಂಪು ಕೆಟ್ಟು ಅದನ್ನು ನಿಲ್ಲಿಸಬೇಕಾಗಿತ್ತಂತೆ. ಹಡಗು ಸುಮ್ಮನೆ ತೇಲುತ್ತಿತ್ತು. ಅಪ್ಪ ಕೆಳಗೆ ರಿಪೇರಿಯಲ್ಲಿದ್ದಾಗ ರೇಡಿಯೋ ನೋಡಿಕೊಳ್ಳುವವನು ಇಳಿದು ಬಂದು ಹೆಣ್ಣುಮಗು, ಇಬ್ಬರೂ ಕ್ಷೇಮ ಎಂದು ಹೇಳಿದ.

"ಪಂಪ್ ಕೂಡಿಸಿ ಮ್ಯಾಲ ಬಂದ್ನಿ. ನೋಡಿದ್ರ ಹಡಗಿನ ಬಾಜೂಕ ತಿಮಿಂಗಿಲ. ಅದರ ಹೊಟ್ಟಿಗಿ ಹತ್ತಿ ಒಂದು ಮರಿ. ತಾಯಿ ಉಸಿರು ಬಿಟ್ರ ನೀರು ಕಾರಂಜಿ ಹಂಗ ಏಳತಿತ್ತು. ಮರಿನೂ ಹಂಗ ಮಾಡಾಕ ನೋಡತಿತ್ತು, ಸಣ್ಣಂಗ. ಪಂಪ್ ರೆಡಿ ಐತಿ, ಎಂಜಿನ್ ಚಾಲೂ ಮಾಡೂದಷ್ಟ ಬಾಕಿ. ಕ್ಯಾಪ್ಟನ್ ತಡೀರಿ ಅಂದ. ಅವು ತಾವಾಗಿ ದೂರ ಹೋಗೂತನಕ ಹಡಗು ದೂಡೂ ಪಂಕಾ ತಿರುಗಿಸಲಿಲ್ಲ. ನಾ ಹಡಗಿನ ಅಂಚಿನ ಕಟಕಟಿ ಹಿಡಕೊಂಡು ನಿಂತ್ನಿ. ಕಣ್ಣಾಗಿನ ನೀರು ನಿಲ್ಲವಲ್ದು. ಎಣ್ಣಿ ಕೈಲೆ ಒರಸಿಕೊಂಡು ಮಾರಿ ಎಲ್ಲಾ ಕರ್ರಗ."

"ಹಂಗ ನಿಲ್ಲಬೇಕಂತ ಕಾಯ್ದೆ ಇತ್ತೇನ್ ಅಪ್ಪಾ?" ಎಂದು ನಾನು ಕೇಳಿದೆ.

"ನಮಗ ಯಾರೂ ಹೇಳಿದ್ದಿಲ್ಲವ್ವಾ. ಅವ ಒಳ್ಳೆ ಮನಶ್ಯಾ ಇದ್ದ, ನಿಂತ. ಬ್ಯಾರೆ ಕ್ಯಾಪ್ಟನ್ ಇದ್ದಿದ್ರ ನಿಲ್ಲತಿದ್ದಿಲ್ಲ."

ಅವ್ವ ಶೇಂಗಾದ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಇದನ್ನ ಆಗೇ ಯಾಕ ಹೇಳಲಿಲ್ರಿ?"

"ನೀ ಕೇಳಾಕ ಕೂಡ್ರಬೇಕಲ್ಲ."

ಬೈಗುಳದ ದನಿಯಲ್ಲ ಅದು. ಅವ್ವನಿಗೂ ಹಾಗೆ ಕೇಳಿಸಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, "ಆ ಮರಿ ಈಗ ಬದುಕಿದ್ರ ನಮ್ಮ ಹುಡುಗಿ ವಾರಿಗಿದು," ಎಂದಳು. ಚಹಾ ಮಾಡಲು ಎದ್ದವಳು ಒಳಗಿನಿಂದಲೇ ಕೂಗಿ ಕೇಳಿದಳು, "ಮುಂದ ಅವು ಯಾ ಕಡೆ ಹೋದುವ್ರಿ?"

ಮುದ್ದೇಬಿಹಾಳದಲ್ಲಿ ನಾನು ಟಿಪ್ಪಣಿಯ ಮೊದಲ ಪುಟವನ್ನು ಬದಿಗಿಟ್ಟು ಆ ಹಡಗಿನಿಂದಲೇ ಶುರು ಮಾಡಿದೆ. ಕಾಯ್ದೆ ಯಾಕೆ ಬೇಕೆಂದು ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುತ್ತಿರಲಿಲ್ಲ: ಒಬ್ಬ ಕ್ಯಾಪ್ಟನ್‌ನ ಒಳ್ಳೆಯತನದ ಮೇಲೆ ಇಡೀ ಕಡಲನ್ನು ಬಿಡಲಾಗುವುದಿಲ್ಲ. ಒಬ್ಬ ಹುಡುಗಿ ಎದ್ದು, "ಅಷ್ಟ ದೂರ ಹೋಗಿ ಕಾಯಾವ್ರು ಯಾರ್ರಿ ಮೇಡಂ?" ಎಂದಳು. ಅಲ್ಲಿಗೆ ಯಾವ ಪೊಲೀಸರೂ ಹೋಗುವುದಿಲ್ಲ, ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶವೇ ಹೊಣೆ, ಆದ್ದರಿಂದ ದೇಶಗಳು ಕೊಟ್ಟ ಮಾತಿಗೆ ನಿಲ್ಲಬೇಕು ಎಂದೆ. ಅವಳಿಗೆ ಪೂರ್ತಿ ಸಮಾಧಾನವಾಗಲಿಲ್ಲ. ನನಗೂ ಆಗಿರಲಿಲ್ಲ. ಹಾಗೆಂದು ಅವಳಿಗೆ ಹೇಳಿಯೂಬಿಟ್ಟೆ.

ದೀಪಾವಳಿ ರಜೆಯಲ್ಲಿ ಅವ್ವ ತಾನಾಗಿಯೇ ಸಮುದ್ರ ನೋಡಬೇಕೆಂದಳು. ಮೂವರೂ ಕಾರವಾರಕ್ಕೆ ಹೋದೆವು. ಅವ್ವ ಸೀರೆಯ ನಿರಿಗೆ ಎತ್ತಿ ಹಿಡಿದು ಸೀದಾ ನೀರಿಗೆ ಇಳಿದಳು. ಅಪ್ಪ ಒಣ ಮರಳಿನಲ್ಲೇ ನಿಂತುಬಿಟ್ಟರು. ತೆರೆ ಬಂದಾಗೊಮ್ಮೆ ಹಿಂದೆ ಸರಿಯುತ್ತಿದ್ದರು.

"ಯಾಕ್ರಿ, ಸಮುದ್ರದಾಗ ಇದ್ದಾವ್ರು ನೀವು, ಅಂಜತೀರಿ?" ಅವ್ವ ನಕ್ಕಳು.

"ನನಗ ನಡುಗಡಲು ಗೊತ್ತು. ದಂಡಿ ಗೊತ್ತಿಲ್ಲ," ಎಂದರು ಅಪ್ಪ. "ಹಿಂಗ ನೀರಾಗ ಕಾಲು ಇಟ್ಟಾವ ಅಲ್ಲ ನಾ."

ಅವ್ವ ಮರಳಿ ಬಂದಳು. ಬಗ್ಗಿ ಅಪ್ಪನ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿದಳು, ಒಂದು ಕಾಲು, ಇನ್ನೊಂದು ಕಾಲು. ಆಮೇಲೆ ಅವರ ರಟ್ಟೆ ಹಿಡಿದು, "ಸಾವಕಾಶ ಬರ್ರಿ," ಎನ್ನುತ್ತ ನೀರಿಗೆ ಕರೆದುಕೊಂಡು ಹೋದಳು.